ಸೊನ್ನೆಗೂ ಒಂದು ತೂತು

ನಮ್ಮ ಕಾಂತಪ್ಪ ಮಾಮಾ ತಮಿಳು ಸೀಮೆಯ ಅಂಬತ್ತೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕಬ್ಬಿಣಕ್ಕೆ ತೂತು ಕೊರೆಯುತ್ತಿದ್ದಾರೆ. ಅವರು ಗದಗಿನಲ್ಲಿ ಏಳನೇ ತರಗತಿಯವರೆಗೆ ಓದಿದವರು. ದೊಡ್ಡ ಪೈಪುಗಳನ್ನು ಒಂದಕ್ಕೊಂದು ಜೋಡಿಸಲು ತುದಿಗೆ ಒಂದು ದಪ್ಪ ಬಳೆ ಬೇಕು, ಅದಕ್ಕೆ ಫ್ಲ್ಯಾಂಜ್ ಎನ್ನುತ್ತಾರೆ. ಅದರ ಸುತ್ತ ಬೋಲ್ಟ್ ಹಾಕಲು ಸಮ ಅಂತರದಲ್ಲಿ ಎಂಟು ತೂತು ಇರಬೇಕು. ಇದುವರೆಗೆ ಎಷ್ಟು ಫ್ಲ್ಯಾಂಜ್ ಕೊರೆದಿದ್ದೀರಿ ಎಂದು ಮಾಮಾನನ್ನು ಕೇಳಿದೆ. ಅಂದಾಜು ಹೇಳಿದರೆ ಸುಳ್ಳಾಗುತ್ತದೆ ಎಂದರು. ಹಾಗಾಗಿ ನಾನೂ ಬರೆದಿಲ್ಲ.

ಅವರ ಕಿವಿಯ ಬಗ್ಗೆ ಮಾತ್ರ ಖಚಿತವಾಗಿ ಬರೆಯಬಲ್ಲೆ. ಡ್ರಿಲ್ ಮೊಂಡಾಗಿದ್ದರೆ ಅವರಿಗೆ ಸದ್ದಿನಲ್ಲೇ ತಿಳಿಯುತ್ತದೆ. ಬಚ್ಚಲಲ್ಲಿ ಸ್ನಾನ ಮಾಡುತ್ತಲೇ, "ಜಯಾ, ಮಿಕ್ಸಿ ಬ್ಲೇಡ್ ಸವದದ, ನಿಲ್ಸು" ಎಂದು ಅತ್ತೆಗೆ ಕೂಗಿ ಹೇಳುತ್ತಾರೆ.

ಹೋದ ವರ್ಷ ಮಾಲೀಕರಾದ ಶ್ರೀನಾಥ್ ಸರ್ ಕಂಪ್ಯೂಟರ್ ಇರುವ ಮಿಷನ್ ತರಿಸಿದರು. ಪ್ರೋಗ್ರಾಂ ಬರೆದುಕೊಟ್ಟರೆ ಅದು ತಾನೇ ಕೊರೆಯುತ್ತದೆ.

"ಕಾಂತಪ್ಪ, ಒಂದು ತಿಂಗಳು ಟೈಂ. ನೀವೇ ಪ್ರೋಗ್ರಾಂ ಬರೆದು ಓಡಿಸಿದ್ರೆ ಮಿಷನ್ ನಿಮ್ದು. ಇಲ್ಲಾಂದ್ರೆ ಡಿಪ್ಲೊಮಾ ಮಾಡಿದವರನ್ನ ತರ್ತೀನಿ, ನೀವು ಪ್ಯಾಕಿಂಗ್ ನೋಡ್ಕೊಳ್ಳಿ. ತಪ್ಪು ತಿಳ್ಕೋಬೇಡಿ, ಸೆರಿಯಾ?" ಎಂದರು.

ಆ ದಿನ ಮಾಮಾ ಒಂದೇ ರೊಟ್ಟಿ ತಿಂದು ಎದ್ದರು. "ಪ್ಯಾಕಿಂಗ್ ಕೀಳು ಕೆಲಸ ಅಂತಲ್ಲ. ಅಲ್ಲಿ ನನ್ನ ಕಿವೀಗ ಏನು ಕೆಲಸ?" ಎಂದರು.

ಮಿಷನ್ ಕಂಪನಿಯಿಂದ ನಂದಿತಾ ಮೇಡಂ ಕಲಿಸಲು ಬಂದರು. ಮಾಮಾ ಮೊದಲು ಎಂಟು ತೂತಿಗೂ ಬೇರೆ ಬೇರೆ ಸಾಲು ಬರೆದು ಪುಟ ತುಂಬಿಸಿದರಂತೆ. ಅರವತ್ತನಾಲ್ಕು ತೂತು ಬಂದರೆ ಏನು ಮಾಡುತ್ತೀರಿ ಎಂದು ಮೇಡಂ ಕೇಳಿ, ಲೂಪ್ ಹೇಳಿಕೊಟ್ಟರು. ಒಂದು ತೂತಿನ ಕೆಲಸವನ್ನು ಒಂದೇ ಸಲ ಬರೆದು, ಅದನ್ನೇ ಮತ್ತೆ ಮತ್ತೆ ಮಾಡು ಎಂದು ಮಿಷನ್‌ಗೆ ಹೇಳುವುದೇ ಲೂಪ್. ಮಿಷನ್ ತನ್ನೊಳಗೆ ಒಂದು ಎಣಿಕೆ ಇಟ್ಟುಕೊಳ್ಳುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗಿ ಸಲಕ್ಕೊಂದರಂತೆ ಏರುತ್ತದೆ. ಎಣಿಕೆಯನ್ನು ಸುತ್ತಿನ ಎಂಟನೇ ಒಂದು ಭಾಗವಾದ ನಲವತ್ತೈದು ಡಿಗ್ರಿಯಿಂದ ಗುಣಿಸಿದರೆ ತೂತಿನ ಜಾಗ ಸಿಗುತ್ತದೆ. ಎಲ್ಲಿ ನಿಲ್ಲಬೇಕು ಎಂದು ನಾವೇ ಹೇಳಬೇಕು.

ನಾನು ಹನ್ನೊಂದನೇ ತರಗತಿಯ ನಡುವೆ ಶಾಲೆ ಬಿಟ್ಟಿದ್ದೆ. ಮಾಮಾನ ಮನೆಯಲ್ಲೇ ಇದ್ದುದರಿಂದ ಮಿಷನ್ನಿನ ಇಂಗ್ಲಿಷ್ ಪುಸ್ತಕ ಓದಿ ಹೇಳುವ ಕೆಲಸ ನನಗೆ ಬಂತು. ಅಭ್ಯಾಸಕ್ಕೆ ಅತ್ತೆಯ ಪಡ್ಡಿನ ಹಂಚು ಸಿಕ್ಕಿತು. ಅದರಲ್ಲಿ ನಡುವೆ ಒಂದು ಗುಳಿ, ಸುತ್ತ ಎಂಟು. ಮಾಮಾ ಪ್ರೋಗ್ರಾಂ ಓದುತ್ತಿದ್ದರು, ನಾನು ಮಿಷನ್ ಆಗಿ ಸುತ್ತಲಿನ ಒಂದೊಂದು ಗುಳಿಗೂ ಒಂದೊಂದು ಕಡಲೆ ಇಡುತ್ತಿದ್ದೆ. ಪ್ರತಿ ಸಲವೂ ಸರಿಯಾಗಿ ಎಂಟು ಬರುತ್ತಿತ್ತು.

ತಿಂಗಳ ಕೊನೆಯ ಶನಿವಾರ ಪರೀಕ್ಷೆ. ಅಲ್ಲಿ ನಾನು ಇರಲಿಲ್ಲ. ಮಾಮಾ ಮತ್ತು ನಂದಿತಾ ಮೇಡಂ ಇಬ್ಬರನ್ನೂ ಕೇಳಿ, ಇಬ್ಬರ ಮಾತೂ ಕೂಡಿದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ಮಿಷನ್ ಮಾಮಾನ ಪ್ರೋಗ್ರಾಂ ಓಡಿಸಿ ನಿಂತಿತು. ಶ್ರೀನಾಥ್ ಸರ್ ಫ್ಲ್ಯಾಂಜ್ ತೆಗೆದು ಅಳೆದರು. ಎಂಟು ತೂತು, ಎಲ್ಲ ಅಳತೆಯೂ ಸರಿ.

"ಸೂಪರ್, ಕಾಂತಪ್ಪ! ಮಿಷನ್ ನಿಮ್ದೇ!"

ಮಾಮಾ ನಗಲಿಲ್ಲ. "ಇಲ್ಲ ಸರ್. ಒಂದ್ಸಲ ಖಾಲಿ ಇಳೀತು."

"ಏನು ಖಾಲಿ?"

"ಎಂಟು ಸಲ ಕಬ್ಬಿಣ ಕೊರದ ಸದ್ದು ಬಂತು. ಆಮ್ಯಾಲ ಮತ್ತೊಂದ್ಸಲ ಡ್ರಿಲ್ ಇಳೀತು, ಸದ್ದು ಬರಲಿಲ್ಲ."

"ಪೀಸ್ ಸರಿಯಾಗಿದೆ ಅಲ್ವಾ ಅಂಕಲ್, ಬಿಡಿ" ಎಂದರು ಮೇಡಂ. ಆದರೂ ಇನ್ನೊಂದು ಫ್ಲ್ಯಾಂಜ್ ಹಾಕಿ ಓಡಿಸಿದರು. ಡ್ರಿಲ್ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ಪರದೆಯಲ್ಲಿ ಕಾಣುತ್ತದೆ. ಅದು ಎಂಟು ಸಲ ಏರಿ ಇಳಿಯಿತು. ಒಂಬತ್ತನೆಯ ಸಲ ಡ್ರಿಲ್ ಮೊದಲ ತೂತಿನೊಳಗೇ ಹೋಗಿ ಬಂತು. ಭಾರ ಏರಲೇ ಇಲ್ಲ. ಮೇಡಂ ಪರದೆಯಲ್ಲಿ ಪ್ರೋಗ್ರಾಂ ತೆರೆಯಲು ಹೋದರಂತೆ.

"ನೀವು ಹೇಳ್ಕೊಡಬೇಡಿ" ಎಂದರು ಶ್ರೀನಾಥ್ ಸರ್. "ಸೋಮವಾರ ಅವರೇ ಸರಿ ಮಾಡಲಿ. ಆವಾಗ ನೋಡೋಣ."

ಕೈಗೆ ಬಂದಿದ್ದ ಮಿಷನ್ ಹೀಗೆ ಮತ್ತೆ ಅನುಮಾನಕ್ಕೆ ಬಿತ್ತು. ಮನೆಯಲ್ಲಿ ಜಯದೇವಿ ಅತ್ತೆ ಸುಮ್ಮನಿರಲಿಲ್ಲ.

"ಕೊಟ್ಟಿದ್ದನ್ನ ವಾಪಸ್ ಕೊಟ್ಟು ಬಂದೀರಿ? ಯಾರಿಗೂ ಕಾಣದ ತಪ್ಪು ನಿಮಗ್ಯಾಕ ಬೇಕಾಗಿತ್ತು?"

"ನನಗ ಕೇಳಿಸ್ತಲ್ಲ" ಎಂದರು ಮಾಮಾ.

ಭಾನುವಾರ ಬೆಳಿಗ್ಗೆಯಿಂದ ನಾವಿಬ್ಬರೂ ಹಂಚಿನ ಮುಂದೆ ಕೂತೆವು. ಎಷ್ಟು ಸಲ ಮಾಡಿದರೂ ನನ್ನ ಕಡಲೆ ಎಂಟೇ. ತಪ್ಪು ಎಲ್ಲೂ ಸಿಗಲಿಲ್ಲ. ಪಕ್ಕದಲ್ಲಿ ಅತ್ತೆ ಊರಿಂದ ಬಂದ ಜೋಳವನ್ನು ಚೀಲದಿಂದ ಡಬ್ಬಿಗೆ ಸೇರಿನಲ್ಲಿ ಅಳೆದು ಹಾಕುತ್ತಿದ್ದರು. ಕಾಳು ಅಳೆಯುವಾಗ ಅವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಶುಭವಾಗಲಿ ಎಂದು ಲಾಭ ಎನ್ನುತ್ತಾರೆ. ಎರಡನೆಯದರಿಂದ ಎಣಿಕೆ.

"ಲಾಭ..."

"ಜಯಾ, ತಡಿ" ಎಂದರು ಮಾಮಾ. "ಡಬ್ಬ್ಯಾಗ ಈಗ ಎಷ್ಟು ಬಿತ್ತು?"

"ಒಂದು ಸೇರು. ಕಣ್ಣು ಕಾಣ್ಸಂಗಿಲ್ಲೇನು?"

"ನೀ ಒಂದು ಅಂತ ಅನಲೇ ಇಲ್ಲ."

"ಅನದಿದ್ರ ಏನಾತು? ಜೋಳ ಬೀಳಲಿಲ್ಲೇನು?"

ಮಾಮಾ ಡಬ್ಬಿಯೊಳಗೆ ಬಗ್ಗಿ ನೋಡಿದರು. ಆಮೇಲೆ ಹಂಚನ್ನು ಖಾಲಿ ಮಾಡಿ ನನ್ನ ಕಡೆ ತಳ್ಳಿದರು. "ಜ್ಯೋತಿ, ಈ ಸಲ ಕಣ್ಣು ಮುಚ್ಚಿಕೋ. ಹಂಚು ತುಂಬ್ತೋ ಇಲ್ಲೋ ನೋಡೂದು ನಿನ್ನ ಕೆಲಸಲ್ಲ. ನಾ ಎಣಿಸೂ ತನಕ ಇಡಕೋಂತ ಹೋಗು."

"ಸೊನ್ನೆ" ಎಂದರು. ಒಂದು ಕಡಲೆ ಇಟ್ಟೆ. "ಒಂದು." ಪಕ್ಕದ ಗುಳಿಗೆ ಇನ್ನೊಂದು. ಬೆರಳಿನಿಂದ ತಡವಿ ತಡವಿ ಸುತ್ತು ಹೋದೆ. "ಏಳು" ಎಂದಾಗ ಇಟ್ಟೆ. "ಎಂಟು" ಎಂದಾಗ ಮುಂದಿನ ಗುಳಿಗೆ ಬೆರಳು ಇಳಿಸಿದೆ. ಅಲ್ಲಿ ಆಗಲೇ ಒಂದು ಕಡಲೆ ಇತ್ತು.

ಆಗ ನನಗೂ ತಿಳಿಯಿತು. ಇಷ್ಟು ದಿನ ನಾನು ಹಂಚು ತುಂಬಿದ್ದನ್ನು ನೋಡಿ ನಿಲ್ಲುತ್ತಿದ್ದೆ. ಮಿಷನ್‌ಗೆ ಹಂಚು ಕಾಣುವುದಿಲ್ಲ, ಎಣಿಕೆ ಮಾತ್ರ ಗೊತ್ತು.

"ಸೊನ್ನೆ ಅಂದಾಗೂ ಒಂದು ತೂತು ಬಿದ್ದಿರ್ತದ" ಎಂದರು ಮಾಮಾ. ಅವರ ದನಿ ಏರಿತ್ತು. "ನಾನು ಅದನ್ನ ಲೆಕ್ಕಕ್ಕ ಹಿಡೀಲೇ ಇಲ್ಲ. ಎಂಟರ ತನಕ ಮಾಡು ಅಂತ ಬರದೆ. ಎಂಟಕ್ಕಿಂತ ಕಡಿಮಿ ಇರೂ ತನಕ ಅಂತ ಬರೀಬೇಕಾಗಿತ್ತು."

"ಅಂದ್ರ ಎಂಟು ಕೇಳಿದ್ರ ಕೊಸರು ಸೇರ್ಸಿ ಒಂಬತ್ತು ಕೊಟ್ಟೀರಿ" ಎಂದು ಅತ್ತೆ ನಕ್ಕರು. "ಕೈ ದೊಡ್ಡದು ಬಿಡ್ರಿ ನಿಮ್ಮದು."

ಸೋಮವಾರ ಮಾಮಾ ಪ್ರೋಗ್ರಾಂನಲ್ಲಿ ಒಂದೇ ಒಂದು ಕಡೆ ತಿದ್ದಿದರು. ಶ್ರೀನಾಥ್ ಸರ್ ಅಂದು ಫ್ಲ್ಯಾಂಜ್ ಅಳೆಯಲಿಲ್ಲ. ಮಿಷನ್ ಪಕ್ಕಕ್ಕೆ ಬಂದು ತಾವೂ ಕಿವಿಗೊಟ್ಟು ನಿಂತರಂತೆ. ಎಂಟು ಸಲ ಸದ್ದು ಬಂತು. ಆಮೇಲೆ ಡ್ರಿಲ್ ಮೇಲೆದ್ದು ನಿಂತಿತು. ಸರ್ ಮಿಷನ್ನಿನ ಬೀಗದ ಕೈಯನ್ನು ಮಾಮಾನ ಅಂಗಿಯ ಜೇಬಿಗೆ ಹಾಕಿದರು.

ಪ್ರೋಗ್ರಾಂನಲ್ಲಿ ಸಾಲಿನ ಪಕ್ಕ ಒಂದು ಟಿಪ್ಪಣಿ ಬರೆದುಕೊಳ್ಳಬಹುದು, ಮಿಷನ್ ಅದನ್ನು ಓದುವುದಿಲ್ಲ. ಎಣಿಕೆ ಸೊನ್ನೆಯಿಂದ ಶುರುವಾಗುವ ಸಾಲಿನ ಪಕ್ಕ ಮಾಮಾ ಇಂಗ್ಲಿಷ್ ಅಕ್ಷರದಲ್ಲಿ "ಲಾಭ" ಎಂದು ಬರೆದಿದ್ದಾರೆ. ಆ ಅಕ್ಷರಗಳನ್ನು ನಾನೇ ಚೀಟಿಯಲ್ಲಿ ಬರೆದುಕೊಟ್ಟಿದ್ದೆ, ಮೂರು ಸಲ ಸರಿನೋಡಿ. ವರ್ಕ್‌ಶಾಪಿನ ಉಳಿದವರೆಲ್ಲ ತಮಿಳಿನವರು. ಅದೇನೆಂದು ಅವರು ಯಾರೂ ಕೇಳಲಿಲ್ಲ. ಅವರ ಮನೆಗಳಲ್ಲೂ ಅಕ್ಕಿಯನ್ನು ಹಾಗೆಯೇ ಲಾಭ ಎಂದೇ ಶುರುಮಾಡಿ ಅಳೆಯುತ್ತಾರಂತೆ.