ದೇವರ ಮಗ್ಗುಲಿನ ಡ್ರಾಫ್ಟು

ನಮ್ಮ ಅಜ್ಜನಿಗೆ ಹಣದ ವ್ಯವಹಾರ ತಿಳಿಯುತ್ತಿರಲಿಲ್ಲ, ಅದಕ್ಕೇ ಏಡನ್ನಿನಿಂದ ಬಂದ ಬ್ಯಾಂಕ್ ಡ್ರಾಫ್ಟಿಗೆ ಗಾಜಿನ ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದ ಎಂದು ಇಂಡಿ ಕಡೆಯ ನಮ್ಮ ಬಂಧುಗಳು ಇಂದಿಗೂ ಹೇಳಿಕೊಂಡು ನಗುತ್ತಾರೆ. ನಾನು ಒಪ್ಪುವುದಿಲ್ಲ. ಚೌಕಟ್ಟು ನಿಜ, ಕಾರಣ ಸುಳ್ಳು.

ಐವತ್ತರ ದಶಕದ ಕೊನೆಯ ಮಾತು. ಕಾಕಾ ಏಡನ್ ಬಂದರಿನಲ್ಲಿ ಕೆಲಸಕ್ಕಿದ್ದ. ಡ್ರಾಫ್ಟು ಕಾಕಿಯ ಹೆಸರಿಗೆ ಬಂದಿತ್ತು. ಅದರಿಂದ ಬಾವಿ ತೋಡಿಸುವ ಭರವಸೆಯಲ್ಲಿ ಆಕೆ ಆಗಲೇ ನಿಂಬೆಸಸಿ ನೆಟ್ಟು, ಹಳ್ಳದಿಂದ ಕೊಡ ಹೊತ್ತು ನೀರುಣಿಸುತ್ತಿದ್ದಳು. ಆದರೆ ಅಂಚೆಯವನು ಓಣಿ ದಾಟುವ ಮೊದಲೇ ಸಾಲ ಕೇಳುವ ನೆಂಟರು ಕಟ್ಟೆಯ ಮೇಲೆ ಕೂತಿದ್ದರು. ಕಟ್ಟೆಗೆ ಬಂದವರಿಗೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ. ಅಜ್ಜ ಚಹಾ ಕೊಡಿಸಿ ಗೋಡೆಯತ್ತ ಕೈ ತೋರಿಸುತ್ತಿದ್ದ: “ನೋಡ್ರಿ, ಅಲ್ಲೇ ಐತಿ. ದೇವರ ಮಗ್ಗಲ ಏರಿಸಿದ್ದು ಇಳಸಾಕ ಬರೂದಿಲ್ಲ.” ನೆಂಟರು ಕೈಮುಗಿದು ಹೋಗುತ್ತಿದ್ದರು. ಇದು ತಿಳಿಗೇಡಿಯ ಕೆಲಸವೇ?

ಅವನಿಗೆ ತಿಳಿಯದಿದ್ದುದು ಒಂದೇ: ಡ್ರಾಫ್ಟಿಗೂ ಆಯುಷ್ಯವುಂಟು. ಶಾಲೆ ಬಿಟ್ಟು, ನಿಘಂಟು ಹಿಡಿದು ಇಂಗ್ಲಿಷ್ ಕಲಿಯುತ್ತಿದ್ದ ನಾನು ಗಾಜಿನ ಒಂದು ಅಂಚಿನ ವಿಭೂತಿ ಒರೆಸಿ ಅಲ್ಲಿನ ಸಣ್ಣಕ್ಷರ ಓದಿ ಹೇಳಿದೆ. ಅವಧಿ ಮರುದಿನವೇ ಮುಗಿಯುವುದಿತ್ತು.

“ಸಸಿ ಒಣಗಿದ್ರ ನೀವ ಕೊಡಾ ಹೊರ್ರಿ ಮಾವಾರ,” ಎಂದಳು ಕಾಕಿ.

ಬೆಳಗಿನ ಬಸ್ಸಿಗೆ ಮೂವರೂ ಚೌಕಟ್ಟು ಸಮೇತ ವಿಜಾಪುರಕ್ಕೆ ಹೊರಟೆವು. ಅಜ್ಜನ ತೊಡೆಯ ಮೇಲಿನ ವಿಭೂತಿ ಬಳಿದ ಗಾಜಿಗೆ ಮುದುಕಿಯೊಬ್ಬಳು ಒಂದಾಣೆಯ ನಾಣ್ಯವಿಟ್ಟು ನಮಸ್ಕರಿಸಿದಳು. ಅಜ್ಜ ಬೇಡವೆನ್ನಲಿಲ್ಲ.

ಬ್ಯಾಂಕಿನ ಗುಮಾಸ್ತ ಡ್ರಾಫ್ಟನ್ನು ತಿರುವಿ ನೋಡಬಯಸಿದ. “ಬೆನ್ನ ಮ್ಯಾಲೆ ಸಹಿ ಬೇಕ್ರಿ.” ಬೆನ್ನೋ, ಮೈದಾ ಅಂಟಿನಿಂದ ರಟ್ಟಿಗೆ ಕಚ್ಚಿಕೊಂಡಿತ್ತು. ಕೊನೆಗೆ ಚಹಾದ ಕಿಟ್ಲಿಯ ಹಬೆಗೆ ಹಿಡಿದು ಬಿಡಿಸತೊಡಗಿದರು. ಮೂಲೆಯೊಂದು ಚರ್ ಎಂದಾಗ ಅಜ್ಜ ಚೀರಿದ: “ಮೆಲ್ಲಕ ಮಾಡೋ ಮಾರಾಯಾ! ಅದು ದೇವರಲ್ಲ, ರೊಕ್ಕ!”

ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕಥೆ ಕಟ್ಟಿದವರಾರೂ ಅಲ್ಲಿರಲಿಲ್ಲ.

ಕಾಕಿ ಸಹಿ ಮಾಡಿ, ತನ್ನ ಹೆಸರಿನಲ್ಲಿಯೇ ಖಾತೆ ತೆರೆದು, ಬಾವಿ ತೋಡುವವರ ಮುಂಗಡವನ್ನಷ್ಟೇ ಸೆರಗಿಗೆ ಕಟ್ಟಿಕೊಂಡಳು. ಊರಿಗೆ ಮರಳಿದರೆ ಕಟ್ಟೆಯ ಮೇಲೆ ಸಿಂದಗಿಯ ಬೀಗರು! ಖಾಲಿ ಚೌಕಟ್ಟನ್ನು ನೋಡಿ ಅವರ ಮುಖ ಅರಳಿತು.

“ಅಂತೂ ಇಳೀತಲ್ರೀ! ರೊಕ್ಕ ಎಲ್ಲೈತಿ?”

ಅಜ್ಜ ಚಹಾಕ್ಕೆ ಹೇಳಿದ. ಬಾಗಿಲಿನಿಂದ ಕಾಕಿಯೇ ಉತ್ತರಿಸಿದಳು: “ಬಾವ್ಯಾಗ ಐತ್ರಿ, ಬೀಗರ.”

“ಬಾವಿ ಎಲ್ಲೈತ್ವಾ?”

“ಅದನ್ನ ಇನ್ನಾ ಹಡ್ಡಬೇಕ್ರಿ. ಸಲಿಕಿ ತಂದುಕೊಡ್ಲೇನು?”

ಬೀಗರು ಚಹಾ ಮುಗಿಸಿ ಸಿಂದಗಿಯ ಬಸ್ಸು ಹಿಡಿದರು. ಅಜ್ಜ ಸೊಸೆಯತ್ತ ನೋಡಿ, ಚೌಕಟ್ಟನ್ನು ಅಟ್ಟದ ಮೇಲೆ ಎಸೆದ.

“ಇನ್ನ ಇದರ ಗರಜ ಇಲ್ಲ ಬಿಡವಾ.”