ಎಡಗೈ ಬ್ಯಾಂಡಿನ ವಸಂತ

ಅಗರದ ಕೆಂಪನಂಜಪ್ಪನವರ ಮಗಳ ಮದುವೆಯಲ್ಲಿ ವರ ಚಪ್ಪರದ ಬಾಗಿಲಿಗೆ ಬಂದದ್ದೇ ತಡ, ಬ್ಯಾಂಡಿನ ದೊಡ್ಡ ಡ್ರಮ್ಮಿಗೆ ಮೊದಲ ಪೆಟ್ಟು ಬಿತ್ತು. ಜೊತೆಗೇ ಕೆಂಪನಂಜಪ್ಪನವರ ಬಿಳಿ ರುಮಾಲಿನ ಮೇಲೆ ಕೆಂಪು ಹನಿ ಬಿತ್ತು. ಮುಂದಿನ ಪೆಟ್ಟಿಗೆ ವರನ ಪಂಚೆ, ಅದರ ಮುಂದಿನದಕ್ಕೆ ಮಠದ ಅಯ್ಯನವರ ಗಡ್ಡ. ಕೆಂಪನಂಜಪ್ಪನವರು ಹೆಸರಿಗೆ ತಕ್ಕಂತೆ ಕೆಂಪಾದರು. ಮದ್ರಾಸ್ ಸೀಮೆಯ ಬ್ಯಾಂಡು ಕರೆಸಿದವನ ತಲೆ ಮೇಲೆ ಇದಲ್ಲದೆ ಇನ್ನೇನು ಬಿದ್ದೀತು ಎಂದು ಬೀಗರೆದುರೇ ಬೈದರು. ಅದು ೧೯೫೩. ಅಗರ ಮೈಸೂರು ಸೀಮೆಯದು, ಬ್ಯಾಂಡಿನ ಊರು ಕೊಳ್ಳೇಗಾಲ ಆಗಿನ್ನೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

ಡ್ರಮ್ಮಿನ ಚರ್ಮದ ಮೇಲೆ ‘ಸದಾಶಿವ ವಿಲಾಸ ಬ್ಯಾಂಡ್ ಸೆಟ್’ ಎಂದು ಬರೆದವಳು ಹೈಸ್ಕೂಲಿನ ಕೊನೆಯ ತರಗತಿಯ ವಸಂತ. ಅಗಸೆಯೆಣ್ಣೆ ಸಿಗದೆ ಬಣ್ಣವನ್ನು ಹರಳೆಣ್ಣೆಯಲ್ಲಿ ಕಲಸಿದ್ದಳು. ಹರಳೆಣ್ಣೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಡ್ರಮ್ಮಿನ ಮೇಲೆ ಒಣಗುವುದಿಲ್ಲ. ಹೆಂಗಸರ ಗುಂಪಿನಲ್ಲಿ ನಿಂತಿದ್ದ ಅವಳ ಉಗುರಿನ ಸಂದಿಯಲ್ಲಿ ಅದೇ ಕೆಂಪು ಇತ್ತು. ಸೆರಗಿನೊಳಗೆ ಕೈ ಮುಚ್ಚಿಕೊಂಡು ಇಡೀ ಮದುವೆಯೂಟವನ್ನು ಉಪವಾಸದಲ್ಲಿ ಕಳೆದಳು.

ಬ್ಯಾಂಡಿನ ಯಜಮಾನ ಸದಾಶಿವಪ್ಪನಿಗೆ ವಿಲಾಸವೇನೂ ಇರಲಿಲ್ಲ. ವಿಳಾಸ ಮಾತ್ರ ವಸಂತಳ ಅಪ್ಪ ನಂಜುಂಡಯ್ಯನ ಪಕ್ಕದ ಮನೆ. ನಂಜುಂಡಯ್ಯ ರೇಷ್ಮೆ ಸೀರೆ ನೇಯುವವನು. ಈ ಕಡೆ ಎಳೆ ಎಣಿಸುವಾಗ ಆ ಕಡೆ ಕ್ಲಾರಿನೆಟ್ ಕಿರುಚುತ್ತಿತ್ತು. ಆ ಕಡೆ ರಾಗ ಹಿಡಿಯುವಾಗ ಈ ಕಡೆ ಮಗ್ಗ ಕುಟ್ಟುತ್ತಿತ್ತು. ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಆ ವರ್ಷ ಸದಾಶಿವಪ್ಪ ಮದ್ರಾಸಿಗೆ ಹೋಗಿ ಬ್ಯಾಂಡನ್ನು ಗ್ರಾಮಫೋನ್ ಪ್ಲೇಟಿಗೆ ಹತ್ತಿಸಿ ಬಂದಿದ್ದ. ಪ್ಲೇಟು ಹಾಕುವ ಕಾಗದದ ಚೀಲಕ್ಕೆ ಚಿತ್ರ ಬೇಕಿತ್ತು. ಡ್ರಮ್ಮಿನ ಹೆಸರು ಕೆಡಿಸಿದವಳು ತಪ್ಪುಕಾಣಿಕೆಯಾಗಿ ಅದನ್ನು ಬಿಟ್ಟಿ ಬರೆದುಕೊಡಲಿ ಎಂದ.

ವಸಂತಳಿಗೆ ಬೇರೊಂದು ಆಸೆಯಿತ್ತು. ಕೊಯಮತ್ತೂರಿನಲ್ಲಿ ಸರ್ಕಾರದ ಡ್ರಾಯಿಂಗ್ ಪರೀಕ್ಷೆಗೆ ಕೂರಬೇಕು. ಪಾಸಾದರೆ ಡ್ರಾಯಿಂಗ್ ಟೀಚರ್ ಆಗಬಹುದು. ಇಲ್ಲದಿದ್ದರೆ ಮನೆಯಲ್ಲಿ ನೂಲು ಸುತ್ತುವ ರಾಟೆ ಕಾದಿತ್ತು. ಅಪ್ಪ ಒಂದು ಮಾತಿಗೆ ಗಂಟುಬಿದ್ದ.

“ಆ ಊದೋನ ಬಾಯಲ್ಲಿ ನಿನ್ ಪಟ ‘ಚೆಂದಾಗದೆ’ ಅಂತ ಒಂದ್ ಮಾತು ಬರ್‍ಲಿ. ಆಗ ಕಳಿಸ್ತೀನಿ.”

ಬರುವುದಿಲ್ಲವೆಂಬ ಧೈರ್ಯ ಅವನದು.

ವಸಂತ ಮೂಗೊರೆಸಿಕೊಳ್ಳುವ ವಯಸ್ಸಿನಿಂದ ಅಪ್ಪನ ಸೀರೆಯಂಚುಗಳಿಗೆ ಚೌಕಳಿ ಕಾಗದದಲ್ಲಿ ಚಿತ್ತಾರ ಬರೆದವಳು. ಅವರ ಮಗ್ಗದಲ್ಲಿ ಸೀರೆಯ ಮುಖ ನೆಲ ನೋಡುತ್ತದೆ, ನೇಯುವವನಿಗೆ ಕಾಣುವುದು ಬೆನ್ನು. ಹಂಸ ಬಲಕ್ಕೆ ನಡೆಯಬೇಕಾದರೆ ಕಾಗದದಲ್ಲಿ ಎಡಕ್ಕೆ ನಡೆಸಬೇಕು. ಕೈಗೆ ಹತ್ತಿದ ಈ ಪಾಠದಂತೆಯೇ ಬ್ಯಾಂಡನ್ನೂ ಎಡಬಲ ತಿರುಗಿಸಿ ಬರೆದಳು. ಅಕ್ಷರಗಳನ್ನು ಕೊಯಮತ್ತೂರಿನ ಅಚ್ಚುಕೂಟದವರು ಮೊಳೆ ಜೋಡಿಸಿ ಹಾಕಿದ್ದರಿಂದ ಅವು ನೆಟ್ಟಗಿದ್ದವು. ಚಿತ್ರವನ್ನು ಮಾತ್ರ ಬರೆದದ್ದು ಬರೆದ ಹಾಗೆಯೇ ಅಚ್ಚು ಹಾಕಿದರು. ಕಟ್ಟು ಬಿಚ್ಚಿದಾಗ ಡ್ರಮ್ಮಿನವನು ಎಡಗೈಯಲ್ಲಿ ಬಡಿಯುತ್ತಿದ್ದ, ಟ್ರಂಪೆಟ್ಟಿನವನು ಎಡಗೈಯಲ್ಲಿ ಒತ್ತುತ್ತಿದ್ದ, ಸದಾಶಿವಪ್ಪನ ಕ್ಲಾರಿನೆಟ್ಟಿನಲ್ಲಿ ಮೇಲಿರಬೇಕಾದ ಕೈ ಕೆಳಗಿತ್ತು.

ಸದಾಶಿವಪ್ಪ ಚೀಲ ಹಿಡಿದು ಮಗ್ಗದ ಮನೆಗೇ ನುಗ್ಗಿದ. ನಂಜುಂಡಯ್ಯ ಅದನ್ನು ಇಸಕೊಂಡು, ಅಭ್ಯಾಸಬಲದಿಂದ ಮಗುಚಿ ಹಿಂಬದಿ ನೋಡಿದ. ಖಾಲಿ.

“ಮೊಕ ಎಲ್ಲಿ?” ಎಂದ.

“ಮೊಕ ನಂದು ಓಯ್ತು ಕಣಯ್ಯ. ಮಂಗಳಕಾರ್ಯಕ್ಕೆ ಊದೋರು ನಾವು. ಎಡಗೈಲಿ ಏನೇನ್ ಮಾಡ್ತಾರೆ ಅಂತ ನಿನ್ ಮಗಳಿಗೆ ಏಳ್ಕೊಟ್ಟಿಲ್ವಾ?”

“ಏಳ್ಕೊಟ್ಟಿವ್ನಿ. ನೀನು ಊದೋದು ಕೇಳಿ, ಇದೂ ಅದೇ ಕೆಲ್ಸ ಅನ್ಕಂಡಿರ್ಬೇಕು.”

ಬೀದಿಯವರು ಬಂದು ಬಿಡಿಸಿದರು. ವಸಂತ ಅಂದಿನಿಂದ ರಾಟೆ ಮುಂದೆ ಕೂತಳು. ಡ್ರಾಯಿಂಗ್ ಟೀಚರ್ ಸುವರ್ಣಮ್ಮ ಪರೀಕ್ಷೆಯ ಅರ್ಜಿ ಹಿಡಿದು ಬಂದರೆ ಅಪ್ಪ ಸಹಿ ಹಾಕಲಿಲ್ಲ. ಮಾತು ಮಾತೇ, ಮೇಡಮ್ಮು ಎಂದು ಲಾಳಿ ತಳ್ಳಿದ.

ಲಗ್ನದ ಕಾಲ ಹತ್ತಿರವಿತ್ತು. ಬೇರೆ ಚೀಲ ಮಾಡಿಸಲು ಸಮಯವಿಲ್ಲದೆ ಅವೇ ಚೀಲಗಳಲ್ಲಿ ಪ್ಲೇಟುಗಳು ಅಂಗಡಿಗೆ ಹೋದವು. ಹನೂರಿನ ಅಂಗಡಿಯವನು ಒಂದನ್ನು ಬಾಗಿಲಿಗೇ ತೂಗುಹಾಕಿದ. ಆಮೇಲೆ ಲೊಕ್ಕನಹಳ್ಳಿಯಿಂದ ಪುಟ್ಟಮಲ್ಲಪ್ಪನೆಂಬ ಹಿರಿಯರು ಮಗನ ಮದುವೆಗೆ ಬ್ಯಾಂಡು ಗೊತ್ತುಮಾಡಲು ಗಾಡಿ ಕಟ್ಟಿಸಿಕೊಂಡು ಬಂದರು. ಜಗಲಿಯ ಮೇಲೆ ಅಭ್ಯಾಸ ನಡೆದಿತ್ತು. ಅವರು ಒಬ್ಬೊಬ್ಬರ ಕೈಯನ್ನೂ ದಿಟ್ಟಿಸಿ ನೋಡಿ ತಲೆಯಾಡಿಸಿದರು.

“ಇವ್ರಲ್ಲ ಕಣಪ್ಪ. ಪಟದಾಗಿರೋ ಎಡಚರ್ನ ಕಳಿಸು. ಬಲಗೈಯೋರು ನಮ್ಮೂರಲ್ಲೇ ಅವ್ರೆ.”

ಮುಂದೆ ಬಂದವರೂ ಎಡಚರನ್ನೇ ಕೇಳಿದರು. ಸದಾಶಿವಪ್ಪ ಎಡಗೈಯನ್ನು ಶಪಿಸುತ್ತಲೇ ಎಡಗೈ ಅಭ್ಯಾಸಕ್ಕೆ ಕೂತ. ಡ್ರಮ್ಮಿನವನಿಗೆ ಬೇಗ ಒಗ್ಗಿತು. ಕ್ಲಾರಿನೆಟ್ಟಿನಲ್ಲಿ ಮಾತ್ರ ಬೆರಳುಗಳು ಸೊಸೆಯಂದಿರ ಹಾಗೆ ಒಂದಕ್ಕೊಂದು ಅಡ್ಡ ಬಂದವು. ಪಕ್ಕದ ಮನೆಯಲ್ಲಿ ನಂಜುಂಡಯ್ಯ ಜೀವಮಾನದಲ್ಲೇ ಮೊದಲ ಬಾರಿಗೆ ಮಗ್ಗ ನಿಲ್ಲಿಸಿ ಬ್ಯಾಂಡು ಕೇಳಿ ನಕ್ಕ.

ಸುವರ್ಣಮ್ಮ ಇದೇ ಸಮಯ ನೋಡಿದರು. ವಸಂತಳನ್ನೂ ಅವಳಪ್ಪನನ್ನೂ ಕರೆದುಕೊಂಡು ಸದಾಶಿವಪ್ಪನ ಜಗಲಿಗೆ ಬಂದರು. ಹುಡುಗಿ ತಪ್ಪು ಮಾಡಿದ್ದಾಳೆ, ಅಂಗಡಿಗಳಿಂದ ಚೀಲಗಳನ್ನೆಲ್ಲ ವಾಪಸು ತರಿಸಿ, ಎಲ್ಲರನ್ನೂ ಬಲಗೈಯವರನ್ನಾಗಿ ಬರೆದುಕೊಡುತ್ತಾಳೆ ಎಂದು ಬಹಳ ವಿನಯದಿಂದ ಹೇಳಿದರು. ಸದಾಶಿವಪ್ಪನ ಮುಖದಲ್ಲಿ ಬರುವ ಲಗ್ನಗಳೆಲ್ಲ ಹಿಂದಕ್ಕೆ ಹೊರಟು ನಿಂತವು.

“ಬ್ಯಾಡ,” ಎಂದ. ಬಹಳ ಹೊತ್ತು ಹಲ್ಲು ಕಡಿದು, ನಂಜುಂಡಯ್ಯನ ಕಡೆ ನೋಡದೆ, ತೊಲೆಯ ಕಡೆ ನೋಡಿ ಹೇಳಿದ: “ಚೆಂದಾಗದೆ.”

ನಂಜುಂಡಯ್ಯ ಇನ್ನೊಂದು ಸಲ ಹೇಳಿಸಬೇಕೆಂದು ಬಾಯಿ ತೆರೆದ. ಸುವರ್ಣಮ್ಮ ಅಷ್ಟರಲ್ಲಿ ಅವನ ಕೈಗೆ ಪೆನ್ನು ಕೊಟ್ಟಿದ್ದರು. ಅವನು ಅಲ್ಲೇ, ವೈರಿಯ ಜಗಲಿಯ ಮೇಲೆಯೇ, ಸಹಿ ಹಾಕಿದ.

ಅಷ್ಟು ಹೊಗಳಿ ಬರಿಗೈಯಲ್ಲಿ ಕೂರುವುದು ಸದಾಶಿವಪ್ಪನಿಗೆ ಆಗಲಿಲ್ಲ. ಬ್ಯಾಂಡಿನವರೆಲ್ಲ ಸುತ್ತ ನಿಂತಿದ್ದರು. ಮೀಸೆ ನೇವರಿಸಿಕೊಂಡು ವಸಂತಳ ಕಡೆ ತಿರುಗಿದ.

“ನಿನ್ ಪಟ ಎಂಗದೆ ಅಂತ ನಾ ಏಳ್ದೆ. ನಮ್ ಪ್ಲೇಟು ಎಂಗದೆ? ನೀನೂ ಏಳವ್ವ.”

ವಸಂತ ಅರ್ಜಿಯ ಶಾಯಿ ಒಣಗಿದೆಯೇ ಎಂದು ನೋಡುತ್ತಿದ್ದಳು.

“ನಾ ಕೇಳಿಲ್ಲ ಮಾವ,” ಎಂದಳು. “ಚೀಲಕ್ಕೆ ಅಳತೆ ಬೇಕಾಗಿತ್ತು, ಅಷ್ಟು ತಕಂಡಿದ್ದೆ.”