ಇಬ್ಬರು ಬೇಯಿಸಿದ ಗೋಧಿ

ಮೂಗಿನ ತುದಿ ಪರಾತಕ್ಕೆ ತಾಗುವಷ್ಟು ಬಗ್ಗಿ ಪಕ್ಕದ ಮನೆಯ ಆಯಿ ಗೋಧಿ ಆರಿಸುತ್ತಿದ್ದರು. ಎಡಗಣ್ಣಿಗೆ ಪೊರೆ ಬಂದಿತ್ತು, ಬಲಗಣ್ಣಿನ ಮೇಲೆ ಅವರಿಗೇ ಭರವಸೆ ಇರಲಿಲ್ಲ. ಬೆರಳುಗಳೇ ನೋಡಬೇಕು. ಕೆನಡಾದ ಪಾಕೀಟಿನಲ್ಲಿ ಹರಳು ಎಲ್ಲಿಂದ ಬರಬೇಕು ಎಂದು ನಾನು ನಗುತ್ತಿದ್ದೆ. ಅವರು ಕೇಳಿಸಿಕೊಳ್ಳದವರ ಹಾಗೆ ಕೊನೆಯ ಕಾಳಿನ ತನಕ ಆರಿಸಿಯೇ ಏಳುವರು.

ವುಡ್‌ಬ್ರಿಡ್ಜಿನಲ್ಲಿ ನಮ್ಮದು ಒಂದೇ ನಡುಗೋಡೆಯ ಜೋಡಿ ಮನೆ. ಆಚೆಯ ಅರ್ಧ ಅವರದು. ಬೆಳಗಾವಿಯಲ್ಲಿ ಬೆಳೆದ ನನಗೆ ವಯಸ್ಸಾದ ಹೆಂಗಸೆಂದರೆ ಆಯಿ, ಅವರೂ ಆಯಿಯೇ ಆದರು. ಪರಿಚಯವಾದದ್ದು ಒಂದು ತಪ್ಪು ತಿಳಿವಳಿಕೆಯಿಂದ. ಮಗಳ ಹುಟ್ಟುಹಬ್ಬಕ್ಕೆ ಹುಗ್ಗಿ ಮಾಡಲೆಂದು ಹಿತ್ತಿಲಲ್ಲಿ ಕೂತು ಕುಟ್ಟಿದ ಗೋಧಿ ತೊಳೆಯುತ್ತಿದ್ದೆ. ಬೇಲಿಯಾಚೆ ಕರಿ ಅಂಗಿಯ ಮುದುಕಿಯೊಬ್ಬರು ಇಣುಕಿ ನೋಡಿ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ಅವರದು ಒಡಕು ಇಂಗ್ಲಿಷು. ನನ್ನ ಕಿವಿಗೆ ಮಾತ್ರ ಅದು ನಮ್ಮ ಕಡೆಯ ಮಾತಿನ ಹಾಗೆಯೇ ಕೇಳುತ್ತಿತ್ತು, ಹಾಗೆಯೇ ಬರೆಯುತ್ತೇನೆ.

"ಯಾರ ಹೋದ್ರವಾ ನಿಮ್ಮನ್ಯಾಗ?"

"ಯಾರೂ ಹೋಗಿಲ್ರಿ. ಮಗಳ ಬರ್ತ್‌ಡೇ ಐತಿ."

ಅವರಲ್ಲಿ ಇಡೀ ಗೋಧಿ ಬೇಯಿಸುವುದು ಸತ್ತವರಿಗಾಗಿ. ಬಾದಾಮಿ, ಎಳ್ಳು, ದಾಳಿಂಬೆ ಬೆರೆಸಿ, ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿ, ಬಂದವರಿಗೆಲ್ಲ ಒಂದೊಂದು ಹಿಡಿ ಹಂಚುತ್ತಾರೆ. ಬೆಲ್ಲ ಹಾಕಿದ ನನ್ನ ಹುಗ್ಗಿಯನ್ನು ಅನುಮಾನದಿಂದಲೇ ಬಾಯಿಗಿಟ್ಟು ಎರಡು ಬಟ್ಟಲು ಮುಗಿಸಿದರು.

ಆ ಶನಿವಾರ ಅವರ ಗೆಳತಿ ಮುಕ್ಕಾಲು ತಾಸಿನ ದಾರಿಯ ಪಿಕರಿಂಗ್ ಊರಿನಿಂದ ಬಂದರು. ಅವರೂ ಅದೇ ವಯಸ್ಸಿನವರು, ಅದೇ ಹಳ್ಳಿಯವರು. ಉಳಿದ ಹುಗ್ಗಿ ಕೊಟ್ಟರೆ ಅವರ ಮುಖ ಅರಳಿತು. "ಕೂಸಿಗೆ ಹಲ್ಲ ಬಂದಾವೇನು?" ಎಂದರು. ಅವರ ಪಂಗಡದಲ್ಲಿ ಅದೇ ಗೋಧಿಯನ್ನು ಮಗುವಿಗೆ ಮೊದಲ ಹಲ್ಲು ಬಂದಾಗ, ಹೊಸ ವರ್ಷಕ್ಕೆ ಬೇಯಿಸುತ್ತಾರಂತೆ. ನಮ್ಮ ಆಯಿ ಗ್ರೀಕ್ ಮಾತಿನ ಕ್ರೈಸ್ತರು, ಪಿಕರಿಂಗಿನ ಆಯಿ ಟರ್ಕಿ ಮಾತಿನ ಮುಸಲ್ಮಾನರು. ಇಬ್ಬರದೂ ಸೈಪ್ರಸ್ ದ್ವೀಪದ ಒಂದೇ ಊರು. ಒಬ್ಬರನ್ನೊಬ್ಬರು ಬೈಯುವಷ್ಟು ಪರಸ್ಪರರ ಭಾಷೆ ಚೆನ್ನಾಗಿಯೇ ಬರುತ್ತಿತ್ತು.

ಐವತ್ತು ವರ್ಷದ ಹಿಂದಿನ ಯುದ್ಧ ಆ ದ್ವೀಪವನ್ನು ಗ್ರೀಕ್ ಬದಿ, ಟರ್ಕಿ ಬದಿ ಎಂದು ನಡುವೆ ಸೀಳಿತ್ತು. ಆಯಿಯ ತಮ್ಮ ಆ ಬೇಸಿಗೆಯಲ್ಲಿ ಕಾಣೆಯಾದ. ಪಿಕರಿಂಗಿನ ಆಯಿಯ ತಂದೆಯನ್ನು ಅದಕ್ಕೂ ಹಿಂದಿನ ಗಲಭೆಯಲ್ಲಿ ಬಸ್ಸಿನಿಂದ ಇಳಿಸಿಕೊಂಡು ಹೋಗಿದ್ದರು. ಇಬ್ಬರ ಮನೆಗೂ ಹೆಣ ಬಂದಿರಲಿಲ್ಲ.

"ನೀವು ಗ್ರೀಕರಾ?" ಎಂದು ಯಾರಾದರೂ ಕೇಳಿದರೆ ಆಯಿ, "ಗ್ರೀಸ್ ನಾ ಕಂಡೇ ಇಲ್ಲ. ನಾ ಸೈಪ್ರಸ್‌ನಾಕಿ" ಎನ್ನುವರು. ಗೆಳತಿ ಅದಕ್ಕೆ ಸೇರಿಸುವರು: "ಟರ್ಕಿ ನಾ ಕಂಡೇನಿ. ವಿಮಾನ ಬದಲ ಮಾಡಾಕ ಇಳಿದಿದ್ದೆ."

ನನಗೆ ನಗು ಬರುತ್ತಿತ್ತು, ಜೊತೆಗೆ ನಮ್ಮೂರು ನೆನಪಾಗುತ್ತಿತ್ತು. ನನ್ನಪ್ಪ ಕನ್ನಡದವರು, ಅವ್ವ ಮರಾಠಿಯವಳು. ನವೆಂಬರ್ ಒಂದರಂದು ನಮ್ಮೂರಲ್ಲಿ ಒಂದು ಓಣಿಗೆ ಹಬ್ಬ, ಪಕ್ಕದ ಓಣಿಗೆ ಕರಾಳ ದಿನ. ಓಣಿ ಯಾವುದೆಂದು ನೋಡಿಕೊಂಡು ಬಾಯಿ ತೆರೆಯುವುದನ್ನು ನಾವು ಮಕ್ಕಳು ಅಕ್ಷರಕ್ಕಿಂತ ಮೊದಲೇ ಕಲಿತಿದ್ದೆವು.

ಒಂದು ಶರತ್ಕಾಲದಲ್ಲಿ ದ್ವೀಪದಿಂದ ಫೋನ್ ಬಂತು. ಅಲ್ಲಿ ಎರಡೂ ಕಡೆಯ ತಜ್ಞರು ಕೂಡಿ ಹಳೆಯ ಹೊಂಡಗಳನ್ನು ಅಗೆದು ಎಲುಬುಗಳ ಗುರುತು ಹಿಡಿಯುತ್ತಾರೆ. ಒಂದು ಒಣ ಬಾವಿಯಲ್ಲಿ ತಮ್ಮ ಸಿಕ್ಕಿದ್ದ. ಅಲ್ಲಿಯೇ ಮಣ್ಣು ಮಾಡಿದರು. ವಿಮಾನ ಹತ್ತಲು ಆಯಿಯ ಎದೆ ಗಟ್ಟಿ ಇರಲಿಲ್ಲ. ಇಲ್ಲಿನ ಚರ್ಚಿನಲ್ಲಿ ಸ್ಮರಣೆ ಇಟ್ಟುಕೊಂಡರು. ಗೋಧಿಯನ್ನು ಗೆಳತಿಯ ಜೊತೆ ಕೂಡಿಯೇ ಬೇಯಿಸಬೇಕೆಂಬುದು ಅವರ ಹಟ.

ದೊಡ್ಡ ಪಾತೇಲಿ ಕೊಡಲು ಹೋದ ದಿನ ಆಯಿಯ ಅಡುಗೆಮನೆಯಲ್ಲಿ ಅವರ ಮಗ ನಿಂತಿದ್ದ. ಇಲ್ಲೇ ಹುಟ್ಟಿದವನು, ಇಲ್ಲಿನ ಗ್ರೀಕ್ ಸೈಪ್ರಸ್‌ನವರ ಸಂಘದ ಕಮಿಟಿಯಲ್ಲಿದ್ದವನು. ಕಾಣೆಯಾದ ಮಾವನ ಹೆಸರನ್ನೇ ಅವನಿಗಿಟ್ಟಿದ್ದರು. ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಅವನ ದನಿ ಏರಿರಲಿಲ್ಲ, ಅದೇ ನನಗೆ ಹೆಚ್ಚು ಅಂಜಿಕೆ ತಂದದ್ದು.

"ಅವ್ವ, ಆ ಚರ್ಚಿನ ಹಾಲ್‌ನಾಗ ಮನಿಮಂದಿನ್ನ ಕಳಕೊಂಡವರು ಇರತಾರ. ಟರ್ಕಿ ಮಂದಿ ಕೈಯಾಗಿನ ಗೋಧಿ ಅವರ ಗಂಟಲದಾಗ ಇಳಿತೈತೇನು?"

"ನನ್ನ ಗೆಳತಿ ಅಪ್ಪಗ ಇಷ್ಟು ವರ್ಷ ಯಾರೂ ಗೋಧಿ ಬೇಯಿಸಿಲ್ಲ," ಎಂದರು ಆಯಿ, ಪರಾತದಿಂದ ತಲೆಯೆತ್ತದೆ. "ಒಂದ ಗಡಗ್ಯಾಗ ಇಬ್ಬರದೂ ಬೇಯ್ತೈತಿ."

"ಹಂಗಾದ್ರ ನಾ ತಿನ್ನಾಂಗಿಲ್ಲ."

"ತಿನಬ್ಯಾಡ."

ಅವನು ಕಾರಿನ ಕೀಲಿ ತೆಗೆದುಕೊಂಡು ಹೊರಟುಹೋದ. ಆಯಿ ಆರಿಸಿದ ಗೋಧಿಯನ್ನೇ ಮತ್ತೆ ಆರಿಸತೊಡಗಿದರು.

ಪಿಕರಿಂಗಿನಲ್ಲೂ ಇದೇ ರಾಮಾಯಣ. ಪ್ರತಿ ಶನಿವಾರ ಕರೆತರುತ್ತಿದ್ದ ಅಳಿಯ ಈ ಸಲ ಗಾಡಿ ತೆಗೆಯಲಿಲ್ಲ. "ನಿಮ್ಮಪ್ಪನ್ನ ಕೊಂದವರ ಚರ್ಚಿಗೆ ನಾ ಬಿಟ್ಟು ಬರಬೇಕೇನು?" ಎಂದನಂತೆ. ನಾನು ಹೊರಟೆ. "ಅವರ ಜಗಳದಾಗ ನೀ ಯಾಕ ಕೈ ಹಾಕ್ತಿ?" ಎಂದರು ನನ್ನ ಗಂಡ. "ಕೈ ಹಾಕಾಂಗಿಲ್ಲ, ಗಾಡಿ ಅಷ್ಟ ಹೊಡಿತೇನಿ" ಎಂದೆ. ದಾರಿಯುದ್ದಕ್ಕೂ ಪಿಕರಿಂಗಿನ ಆಯಿ ಮಡಿಲಲ್ಲಿ ಬಾದಾಮಿಯ ಡಬ್ಬಿ ಹಿಡಿದುಕೊಂಡು ಕೂತಿದ್ದರು. ಆ ಸಂಜೆ ಇಬ್ಬರೂ ಕೂಡಿ ಮರುದಿನಕ್ಕೆ ಗೋಧಿ ಬೇಯಿಸಿದರು.

ಸ್ಮರಣೆ ಮುಗಿದ ಮೇಲೆ ಚರ್ಚಿನ ಹಾಲ್‌ನ ಬಾಗಿಲಲ್ಲಿ ಮೇಜು ಹಾಕಿ ಗೋಧಿಯ ಪುಟ್ಟ ಕಾಗದದ ಚೀಲಗಳನ್ನು ಇಟ್ಟಿದ್ದೆವು. ಗೆಳತಿ ಹಿಂದೆ ಸರಿದು ಕೋಟುಗಳ ಮರೆಯಲ್ಲಿ ನಿಲ್ಲಲು ನೋಡಿದರು. ಆಯಿ ಅವರ ಮೊಣಕೈ ಹಿಡಿದು ಪಕ್ಕಕ್ಕೆ ನಿಲ್ಲಿಸಿಕೊಂಡು, ಎಲ್ಲರಿಗೂ ಕೇಳುವಂತೆ ಗ್ರೀಕಿನಲ್ಲಿ ಏನೋ ಹೇಳಿದರು. ಇಬ್ಬರೂ ಕೂಡಿ ಬೇಯಿಸಿದ್ದು, ನಮ್ಮಿಬ್ಬರ ಸತ್ತವರಿಗೂ, ಎಂದು ಹೇಳಿದ್ದಂತೆ. ಒಬ್ಬ ಮುದುಕ ತೆಗೆದುಕೊಂಡ ಚೀಲವನ್ನು ಮೆಲ್ಲಗೆ ಮೇಜಿನ ಮೇಲೆ ವಾಪಸ್ಸಿಟ್ಟ. ಅವನ ಹಿಂದಿದ್ದವರು ಬೂಟು ನೋಡಿಕೊಂಡು ದಾಟಿಹೋದರು. ಊರುಗೋಲಿನ ಹೆಂಗಸೊಬ್ಬಳು ಬಂದು, ಪಿಕರಿಂಗಿನ ಆಯಿಯ ಮುಖವನ್ನು ಬಹಳ ಹೊತ್ತು ನೋಡಿ, ಅಲ್ಲಿಯೇ ಚೀಲ ಬಿಚ್ಚಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಕೆಲವರು ತೆಗೆದುಕೊಂಡರು, ಬಹಳ ಮಂದಿ ಇಲ್ಲ. ಮಗ ಕಾಫಿ ಮೇಜಿನ ಬಳಿ ಕೈಕಟ್ಟಿ ನಿಂತವನು ನಿಂತೇ ಇದ್ದ.

ಮರಳಿ ಬರುವಾಗ, "ಭಾಳ ಉಳೀತಲ್ರಿ ಆಯಿ" ಎಂದೆ. ಸಮಾಧಾನದ ಮಾತು ನನಗೆ ಬೇಗ ಹೊಳೆಯುವುದಿಲ್ಲ.

"ತಿಂದವರು ತಿಂದ್ರಲ್ಲ," ಎಂದರು.

ಮಗ ಆಮೇಲೆ ಮನೆಗೆ ಬರುತ್ತಿದ್ದ, ಮಾತ್ರೆ ತಂದಿಡುತ್ತಿದ್ದ, ಹಿಮ ತೆಗೆಯುತ್ತಿದ್ದ. ಶನಿವಾರ ಮಾತ್ರ ಇತ್ತ ತಲೆ ಹಾಕುತ್ತಿರಲಿಲ್ಲ. ಆಯಿ ಆ ಮಾತು ಎತ್ತಲೂ ಇಲ್ಲ, ಗೆಳತಿಯನ್ನು ಬಿಡಲೂ ಇಲ್ಲ. ಶನಿವಾರದ ಗಾಡಿ ನನ್ನದಾಯಿತು.

ಕಳೆದ ಚಳಿಗಾಲದಲ್ಲಿ ಆಯಿ ನಿದ್ದೆಯಲ್ಲೇ ಹೋದರು. ನಾನು ನನ್ನವ್ವನಿಗೆ ಅತ್ತಷ್ಟೇ ಅತ್ತೆ. ಈಗ ಕನ್ನಡದವರ ಕೂಟದಲ್ಲಾಗಲಿ ಮರಾಠಿಯವರ ಗಣಪತಿಯಲ್ಲಾಗಲಿ ಯಾರಾದರೂ "ನೀವು ಯಾವ ಕಡೆಯವರು?" ಎಂದರೆ, ಮುಖ ನೋಡಿ ಉತ್ತರ ಬದಲಿಸುವುದಿಲ್ಲ. ಬೆಳಗಾವಿಯವಳು ಎನ್ನುತ್ತೇನೆ. ಈ ಧೈರ್ಯ ಆಯಿ ಕೊಟ್ಟದ್ದು.

ಸತ್ತ ನಲವತ್ತನೆಯ ದಿನ ಅವರಲ್ಲಿ ಮತ್ತೆ ಸ್ಮರಣೆ. ಆಯಿಯ ಆ ದಿನದ ಗೋಧಿಗೆ ಗೆಳತಿಯನ್ನು ಕರೆತರಲು ಪಿಕರಿಂಗಿಗೆ ಫೋನ್ ಮಾಡಿದೆ.

"ನೀ ಬರಬ್ಯಾಡ ಮಗಳ," ಎಂದರು ಆ ಆಯಿ. "ಆಕಿ ಮಗ ಬಂದಾನ. ಒಳಗ ಬರವಲ್ಲ, ಮಾತಾಡವಲ್ಲ. ಗಾಡಿ ಚಾಲೂ ಇಟಗೊಂಡು ಹೊರಗ ಕುಂತಾನ."

ಪಾತೇಲಿ ಹೊತ್ತು ಪಕ್ಕದ ಮನೆಗೆ ಹೋದೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಬಂದರು. ಅವನು ಗೋಧಿಯ ಚೀಲ ಇಳಿಸಿ, ಅವ್ವನ ಅಡುಗೆಮನೆಯಲ್ಲಿ ಕೈಕಾಲು ತೋಚದೆ ನಿಂತ. "ನಾ ಏನ ಮಾಡ್ಲಿ?" ಎಂದು ಕೇಳಿದ, ನಮ್ಮಿಬ್ಬರಲ್ಲಿ ಯಾರನ್ನೂ ನೋಡದೆ.

ಪಿಕರಿಂಗಿನ ಆಯಿ ಪರಾತಕ್ಕೆ ಗೋಧಿ ಸುರಿದು ಅವನ ಮುಂದೆ ಸರಿಸಿದರು. "ಹರಳ ಆರಿಸು."

ಅವನು ಕೂತು, ಕನ್ನಡಕ ತೆಗೆದಿಟ್ಟು, ಪರಾತದ ಮೇಲೆ ಬಗ್ಗಿದ. ಅದರಲ್ಲಿ ಹರಳಿಲ್ಲ ಎಂದು ನಾನು ಹೇಳಲಿಲ್ಲ.